ಓದುಗರ ಪ್ರಶ್ನೋತ್ತರ: ಸಿಯೋಲ್‌ಗೆ ಇ-ಸ್ಪೋರ್ಟ್ಸ್ ನೋಡಲು ಹೊರಟವರಿಗೆ

ಬದಿಯಡ್ಕದಿಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಬರೆಯುತ್ತಾರೆ:

ಕಾಲೇಜಿನ ವಿನಿಮಯ ಕಾರ್ಯಕ್ರಮದಲ್ಲಿ ಮೂರು ವಾರ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಇರುವ ಅವಕಾಶ ನನಗೆ ದೊರೆತಿದೆ. ನಾನು ಐದೈದು ಜನರ ಎರಡು ತಂಡಗಳು ಸೆಣಸುವ ಲೀಗ್ ಆಫ್ ಲೆಜೆಂಡ್ಸ್ ಎಂಬ ಕಂಪ್ಯೂಟರ್ ಆಟವನ್ನು ಆಡುವವನು. ಅಲ್ಲಿನ ಇ-ಸ್ಪೋರ್ಟ್ಸ್, ಅಂದರೆ ಇಂಥ ಆಟಗಳ ವೃತ್ತಿಪರ ಪಂದ್ಯಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿದೆ. ಆದರೆ ಕೊರಿಯನ್ ಭಾಷೆ ಒಂದಕ್ಷರವೂ ಬಾರದು. ಯಾರೋ ಕಂಪ್ಯೂಟರಿನ ಮುಂದೆ ಕುಳಿತು ಆಡುವುದನ್ನು ನೋಡಲು ಟಿಕೆಟ್ ಬೇರೆ ಕೊಳ್ಳಬೇಕೆ, ಮೊಬೈಲಿನಲ್ಲೇ ಕಾಣುತ್ತದಲ್ಲ ಎಂದು ತಂದೆಯವರು ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಅಲ್ಲಿ ಏನನ್ನು ನೋಡಲಿ?

ಉತ್ತರ: ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎರಡು ವರ್ಷಗಳ ಹಿಂದೆ ತಂಗಿಯ ಮಗನ ಜೊತೆಯಲ್ಲಿ ಸಿಯೋಲ್‌ನ ಪಂದ್ಯಾಂಗಣದೊಳಗೆ ಹೋಗಿ ಕುಳಿತುಕೊಳ್ಳುವವರೆಗೆ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆಯಿತ್ತು. ಉಪ್ಪಳದಲ್ಲೋ ಕುಂಬಳೆಯಲ್ಲೋ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಡೆಯುವಾಗ, ಮನೆಯ ಟಿ.ವಿ.ಯಲ್ಲಿ ಇನ್ನೂ ದೊಡ್ಡ ಆಟಗಾರರ ಆಟ ಬರುತ್ತಿದ್ದರೂ, ನಾವು ಊಟ ಮುಗಿಸಿ ಮೈದಾನದ ಹಗ್ಗದ ಬದಿಗೆ ಹೋಗಿ ನಿಲ್ಲುತ್ತೇವೆ. ದಾಳಿಗೆ ಹೋದವನು ಗೆರೆ ಮುಟ್ಟುವ ಮೊದಲು ಇಡೀ ಮೈದಾನ ಉಸಿರು ಹಿಡಿಯುವ ಆ ಒಂದು ಕ್ಷಣ ಟಿ.ವಿ.ಯಲ್ಲಿ ಸಿಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ತಂದೆಯವರಿಗೆ ಇದನ್ನೇ ಹೇಳಿ: ಪರದೆಯ ಮೇಲಿನ ಆಟ ಬದಿಯಡ್ಕದಲ್ಲೂ ಅದೇ, ಸಿಯೋಲ್‌ನಲ್ಲೂ ಅದೇ, ಅದನ್ನು ನೋಡಲು ಕಲಿತ ಜನ ಇರುವುದು ಅಲ್ಲಿ, ಮತ್ತು ನೀವು ನೋಡಲು ಹೋಗುತ್ತಿರುವುದು ಆ ಜನರನ್ನು.

ಆ ಜನ ಒಂದೇ ದಿನದಲ್ಲಿ ಹುಟ್ಟಿಕೊಂಡವರಲ್ಲ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೊರಿಯಾದಲ್ಲಿ ಅಸಂಖ್ಯ ಜನ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ಸರ್ಕಾರ ದೇಶದುದ್ದಕ್ಕೂ ವೇಗದ ಇಂಟರ್ನೆಟ್ ಜಾಲವನ್ನು ಹರಡುತ್ತಿತ್ತು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಅಮೆರಿಕದ ಕಂಪ್ಯೂಟರ್ ಆಟ ಬಿಡುಗಡೆಯಾಯಿತು. ಈ ಮೂರೂ ಒಟ್ಟಿಗೆ ಕೂಡಿಬಂದದ್ದರಿಂದ ಗಲ್ಲಿಗಲ್ಲಿಗಳಲ್ಲಿ ‘ಪಿಸಿ ಬಾಂಗ್’ಗಳು, ಅಂದರೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕಂಪ್ಯೂಟರಿನಲ್ಲಿ ಆಡುವ ಕೊಠಡಿಗಳು, ತೆರೆದುಕೊಂಡವು. ಹುಡುಗರು ಆಡಿದ್ದು ಅಲ್ಲಿ. ಚೆನ್ನಾಗಿ ಆಡುವವನ ಕುರ್ಚಿಯ ಹಿಂದೆ ನಾಲ್ಕು ಜನ ನಿಂತು ನೋಡಿದ್ದೂ ಅಲ್ಲಿಯೇ. ಪ್ರೇಕ್ಷಕ ಹುಟ್ಟಿದ್ದು ಆ ಕುರ್ಚಿಯ ಹಿಂದೆ ಎಂದು ನಾನು ನಂಬುತ್ತೇನೆ. 2000ರ ಹೊತ್ತಿಗೆ ಆಟಗಳನ್ನೇ ಪ್ರಸಾರ ಮಾಡುವ ಟಿ.ವಿ. ವಾಹಿನಿಯೂ ಕೊರಿಯಾ ಇ-ಸ್ಪೋರ್ಟ್ಸ್ ಸಂಘವೂ ಬಂದವು. 2004ರಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಎಂಬ ಕಡಲ ತೀರದಲ್ಲಿ ನಡೆದ ಸ್ಟಾರ್‌ಕ್ರಾಫ್ಟ್ ಲೀಗಿನ ಅಂತಿಮ ಪಂದ್ಯಕ್ಕೆ ಒಂದು ಲಕ್ಷ ಜನ ಸೇರಿದ್ದರೆಂದು ಅಲ್ಲಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. 2014ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯ ನಡೆದದ್ದು 2002ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಕಟ್ಟಿದ ಸಿಯೋಲ್‌ನ ಕ್ರೀಡಾಂಗಣದಲ್ಲಿ. ಇದು ಆಟವೇ ಅಲ್ಲ ಎನ್ನುವವರಿಗೆ ನಾನು ವಾದದ ಬದಲು ಈ ವರ್ಷಗಳನ್ನು ಹೇಳುತ್ತೇನೆ.

ಈಗ ನೀವು ನೋಡಬೇಕಾದ ಸ್ಥಳ. ಸಿಯೋಲ್‌ನ ಜೊಂಗ್ನೊ ಪ್ರದೇಶದಲ್ಲಿ, ಜೊಂಗಾಕ್ ಮೆಟ್ರೋ ನಿಲ್ದಾಣಕ್ಕೆ ತಾಗಿದಂತಿರುವ ಗ್ರಾನ್ ಸಿಯೋಲ್ ಕಟ್ಟಡದಲ್ಲಿ ಲೋಲ್ ಪಾರ್ಕ್ ಇದೆ. ಲೀಗ್ ಆಫ್ ಲೆಜೆಂಡ್ಸ್ ಆಟದ ಕೊರಿಯಾ ಲೀಗಾದ ಎಲ್‌ಸಿಕೆಯ ಪಂದ್ಯಗಳು ನಡೆಯುವುದು ಅಲ್ಲಿ. ದೊಡ್ಡ ಕ್ರೀಡಾಂಗಣವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಆಸನಗಳು ನಾನೂರರ ಆಸುಪಾಸು, ವೃತ್ತಾಕಾರದಲ್ಲಿ ವೇದಿಕೆಯನ್ನು ಸುತ್ತುವರಿದಿವೆ. ಅದು ಚಿಕ್ಕದಾಗಿರುವುದೇ ನಿಮ್ಮ ಭಾಗ್ಯ, ಆಟಗಾರರ ಮುಖ ಕಾಣುತ್ತದೆ. ಹೆಸರಾಂತ ತಂಡಗಳ ಪಂದ್ಯದ ಟಿಕೆಟ್ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ, ಮೊದಲ ಭೇಟಿಗೆ ಅಂಕಪಟ್ಟಿಯ ಕೆಳಭಾಗದಲ್ಲಿರುವ ಎರಡು ತಂಡಗಳ ಪಂದ್ಯವನ್ನು ಆರಿಸಿಕೊಳ್ಳಿ. ನಾವು ನೋಡಿದ್ದೂ ಅಂಥದ್ದೇ ಪಂದ್ಯ, ಒಂದಿಷ್ಟೂ ಕಡಿಮೆಯೆನಿಸಲಿಲ್ಲ.

ಅಲ್ಲಿ ಕಂಡ ಒಂದೆರಡು ಸಂಗತಿಗಳನ್ನು ಹೇಳಲೇಬೇಕು. ಅದು ಚಳಿಗಾಲ. ವೇದಿಕೆಗೆ ಬಂದ ಹುಡುಗರು ತಮ್ಮ ತಮ್ಮ ಕೀಬೋರ್ಡ್, ಮೌಸ್‌ಗಳನ್ನು ತಾವೇ ತಂದು ಜೋಡಿಸಿಕೊಂಡರು. ಆಮೇಲೆ ಬಿಸಿಯಾಗುವ ಪುಟ್ಟ ಪೊಟ್ಟಣವೊಂದನ್ನು ಅಂಗೈಯೊಳಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಒತ್ತುತ್ತಾ ಕುಳಿತರು. ಕಿವಿಯೊಳಗೆ ಇಯರ್‌ಫೋನ್, ಅದರ ಮೇಲೆ ಹೊರಗಿನ ಸದ್ದನ್ನು ತಡೆಯುವ ಹೆಡ್‌ಸೆಟ್. ಆಟ ಆರಂಭವಾಗುವ ಮೊದಲು ಯಾವ ಪಾತ್ರಗಳನ್ನು ನಿಷೇಧಿಸಬೇಕು, ಯಾವುದನ್ನು ಆರಿಸಬೇಕು ಎಂಬ ‘ಬ್ಯಾನ್-ಪಿಕ್’ ಹಂತವಿದೆಯಲ್ಲ, ಆಗ ತರಬೇತುದಾರ ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಐವರ ಬೆನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಾ, ಬಗ್ಗಿ ಒಬ್ಬೊಬ್ಬರ ಜೊತೆ ಮಾತಾಡುತ್ತಿರುತ್ತಾನೆ. ಕೊನೆಯ ಆಯ್ಕೆ ಮುಗಿದ ಕೂಡಲೇ ಎರಡೂ ಕಡೆಯ ತರಬೇತುದಾರರು ವೇದಿಕೆಯ ನಡುವೆ ಬಂದು ಕೈಕುಲುಕಿ, ನೋಟ್‌ಬುಕ್ ಮುಚ್ಚಿ ಕೆಳಗಿಳಿದು ಹೋಗುತ್ತಾರೆ. ಅಲ್ಲಿಂದ ಮುಂದೆ ಹುಡುಗರು ಮಾತ್ರ. ಮೊಬೈಲಿನಲ್ಲಿ ನೋಡುವಾಗ ಆ ಹೊತ್ತಿಗೆ ಪರದೆ ಆಟದ ನಕ್ಷೆಯ ಕಡೆ ಹೊರಳಿಬಿಡುತ್ತದೆ. ತರಬೇತುದಾರ ಮೆಟ್ಟಿಲಿಳಿಯುವ ಬೆನ್ನನ್ನು ನಾನು ನೋಡಿದ್ದು ಅಲ್ಲಿ ಕುಳಿತಿದ್ದರಿಂದ.

ಪ್ರೇಕ್ಷಕರಲ್ಲಿ ಅರ್ಧಕ್ಕರ್ಧ ಯುವತಿಯರಿದ್ದರು, ಇದು ನಾನು ನಿರೀಕ್ಷಿಸಿರದ ಸಂಗತಿ. ಕೈಯಿಂದ ಬರೆದ ಫಲಕಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಾರೆ. ಪಂದ್ಯಕ್ಕೆ ಮುಂಚೆ ‘ಹಾನಾ, ದೂಲ್, ಸೆತ್’, ಅಂದರೆ ಒಂದು, ಎರಡು, ಮೂರು ಎಂದು ಎಣಿಸಿ, ತಂಡದ ಹೆಸರಿಗೆ ‘ಫೈಟಿಂಗ್’ ಸೇರಿಸಿ ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಆಮೇಲೆ ಎದುರಾಳಿಗಳ ಸರದಿ, ಆಗ ಇವರು ಸುಮ್ಮನಿರುತ್ತಾರೆ. ಎದುರಾಳಿಯ ಕೂಗಿನ ಮೇಲೆ ಕೂಗುವುದಿಲ್ಲ. ಆಟ ಮುಗಿದ ಮೇಲೆ ಗೆದ್ದ ಐವರು ಸೋತವರ ಮೇಜುಗಳ ಬಳಿಗೆ ಸಾಲಾಗಿ ನಡೆದು ಮುಷ್ಟಿಗೆ ಮುಷ್ಟಿ ತಾಗಿಸಿ ಬರುತ್ತಾರೆ. ನಮ್ಮ ಕಡೆಯ ಪಂದ್ಯಾಟಗಳಲ್ಲಿ ರೆಫ್ರಿಯ ಸೀಟಿಗಿಂತ ಬೇಗ ಜಗಳ ಏಳುವುದನ್ನು ಕಂಡ ನನಗೆ, ಇದನ್ನು ಇಲ್ಲಿಗೂ ತರಬೇಕೆಂದು ಬಹಳ ಅನ್ನಿಸಿತು.

ಭಾಷೆಯ ಬಗ್ಗೆ ನಿಮಗೆ ಅಂಜಿಕೆ ಬೇಡ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು ಭಾಷೆಯ ನಡುವೆ ಬೆಳೆದ ಕಾಸರಗೋಡಿನ ಕನ್ನಡಿಗನಿಗೆ ಪರಭಾಷೆಯ ಫಲಕ ಹೊಸದಲ್ಲ. ಹೊರಡುವ ಮೊದಲು ಒಂದು ವಾರ ಸಂಜೆ ಕುಳಿತು ಹಂಗುಲ್ ಲಿಪಿಯನ್ನು ಕಲಿಯಿರಿ. 15ನೇ ಶತಮಾನದಲ್ಲಿ ಸೆಜೊಂಗ್ ದೊರೆಯ ಕಾಲದಲ್ಲಿ ರೂಪುಗೊಂಡ ಆ ಲಿಪಿಗೆ ಮೂಲಾಕ್ಷರಗಳು 24 ಮಾತ್ರ. ವ್ಯಂಜನಕ್ಕೆ ಸ್ವರ ಕೂಡಿ ಒಂದು ಅಕ್ಷರಗುಚ್ಛವಾಗುತ್ತದೆ, ಕೊನೆಯ ವ್ಯಂಜನ ನಮ್ಮ ಒತ್ತಕ್ಷರದಂತೆ ಕೆಳಗೆ ಕುಳಿತುಕೊಳ್ಳುತ್ತದೆ. ಗುಣಿತಾಕ್ಷರ ಬರೆದು ಕಲಿತ ಕೈಗೆ ಅದು ಬೇಗ ಒಲಿಯುತ್ತದೆ. ತಂಡಗಳ, ಆಟಗಾರರ, ಪಾತ್ರಗಳ ಹೆಸರನ್ನು ಓದಬಲ್ಲಿರಾದರೆ ಸಾಕು. ವೀಕ್ಷಕ ವಿವರಣೆಯ ಸ್ವರ ಏರಿದಾಗ ಏನಾಗುತ್ತಿದೆಯೆಂದು ಆಟ ಬಲ್ಲ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಿಸಿ ಬಾಂಗ್‌ಗೂ ಒಮ್ಮೆ ಹೋಗಿ. ಹಣವನ್ನು ಮೊದಲೇ ಬಾಗಿಲ ಬಳಿಯ ಯಂತ್ರದಲ್ಲಿ ಕಟ್ಟಬೇಕು. ಊಟವನ್ನು ಕುಳಿತಲ್ಲಿಂದಲೇ ಪರದೆಯ ಮೇಲೆ ಕೇಳಬಹುದು, ಹಬೆಯಾಡುವ ರಾಮ್ಯನ್ ನೂಡಲ್ಸ್ ಕೀಬೋರ್ಡಿನ ಪಕ್ಕಕ್ಕೇ ಬರುತ್ತದೆ. ಕೊರಿಯಾದ ಸರ್ವರಿನಲ್ಲಿ ಹೊಸ ಖಾತೆ ತೆರೆಯಲು ಅಲ್ಲಿನ ಗುರುತಿನ ದೃಢೀಕರಣ ಬೇಕಾಗುವುದರಿಂದ, ನಿಮ್ಮೊಂದಿಗೆ ಓದುವ ಕೊರಿಯನ್ ಗೆಳೆಯರ ಜೊತೆ ಹೋಗುವುದು ಲೇಸು. ರಾತ್ರಿ ಹತ್ತಾದಾಗ ಶಾಲಾ ವಯಸ್ಸಿನ ಮಕ್ಕಳೆಲ್ಲ ಎದ್ದು ಹೊರಡುವುದನ್ನು ಗಮನಿಸಿ. ಆ ಹೊತ್ತಿನ ನಂತರ ಅವರನ್ನು ಒಳಗಿಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ಕಾನೂನು.

ಪೆರ್ಲದಿಂದ ಒಬ್ಬ ತಾಯಿ ಕೇಳುತ್ತಾರೆ:

ಪ್ಲಸ್ ಟು ಓದುವ ಮಗ ದಿನವಿಡೀ ಮೊಬೈಲಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುತ್ತಾನೆ. ಕೊರಿಯಾದ ಫೇಕರ್ ಎಂಬವರು ಶಾಲೆ ಬಿಟ್ಟೇ ದೊಡ್ಡವರಾದರು, ನಾನೂ ವೃತ್ತಿಪರ ಆಟಗಾರನಾಗುತ್ತೇನೆ ಎನ್ನುತ್ತಾನೆ. ನಿಮ್ಮಂಥವರು ಅಲ್ಲಿಯ ವೈಭವವನ್ನು ಬರೆದರೆ ಇಂಥ ಮಕ್ಕಳಿಗೆ ಇನ್ನಷ್ಟು ಹುಚ್ಚು ಹಿಡಿಯುವುದಿಲ್ಲವೆ? ನಮ್ಮ ದೇಶದಲ್ಲಿ ಈ ಆಟಗಳನ್ನು ನಿಷೇಧಿಸಿದ್ದಾರಲ್ಲವೆ?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು, ಅಮ್ಮಾ. ಮಗ ಹೇಳುವುದು ಸುಳ್ಳಲ್ಲ. ಫೇಕರ್ ಎಂದು ಹೆಸರಾದ ಲೀ ಸಾಂಗ್-ಹ್ಯೊಕ್ 1996ರಲ್ಲಿ ಹುಟ್ಟಿದವರು. ಪ್ರೌಢಶಾಲೆಯನ್ನು ಬಿಟ್ಟು 2013ರಲ್ಲಿ ವೃತ್ತಿಗೆ ಬಂದು ಅದೇ ವರ್ಷ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್ ಆದರು. 2015, 2016, 2023, 2024 ಮತ್ತು 2025ರಲ್ಲಿ ಮತ್ತೆ ಗೆದ್ದರು. ಆದರೆ 2016ಕ್ಕೂ 2023ಕ್ಕೂ ನಡುವೆ ಇರುವ ವರ್ಷಗಳನ್ನು ಮಗನಿಗೆ ಎಣಿಸಲು ಹೇಳಿ. ಅಷ್ಟು ವರ್ಷ ವಿಶ್ವ ಪಟ್ಟ ಕೈಗೆ ಸಿಗದೆ ಆಡಿದ್ದಾರೆ. 2023ರಲ್ಲಿ ಬಲಗೈಯ ನೋವಿನಿಂದ ಕೆಲವು ವಾರ ಆಟವನ್ನೇ ನಿಲ್ಲಿಸಬೇಕಾಯಿತು. ದಿನಕ್ಕೆ ಹತ್ತು ಹನ್ನೆರಡು ಗಂಟೆಯ ಅಭ್ಯಾಸ, ಬಹುಪಾಲು ಆಟಗಾರರಿಗೆ ಇಪ್ಪತ್ತೈದರ ಆಸುಪಾಸಿನಲ್ಲಿ ನಿವೃತ್ತಿ. ಇದು ಆ ವೃತ್ತಿಯ ಸಾಮಾನ್ಯ ಸ್ಥಿತಿ. ಕೊರಿಯಾವೂ ಮಕ್ಕಳ ಬಗ್ಗೆ ನಿಮ್ಮಷ್ಟೇ ಚಿಂತಿಸಿದೆ. 2011ರಿಂದ ಹದಿನಾರಕ್ಕಿಂತ ಚಿಕ್ಕವರು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡದಂತೆ ಅಲ್ಲಿ ಕಾನೂನೇ ಇತ್ತು. ಸುಮಾರು ಹತ್ತು ವರ್ಷದ ಬಳಿಕ ಅದನ್ನು ಕೈಬಿಟ್ಟರು. 2010ರಲ್ಲಿ ಸ್ಟಾರ್‌ಕ್ರಾಫ್ಟ್ ಆಟಗಾರರು ಹಣಕ್ಕಾಗಿ ಪಂದ್ಯ ಸೋತುಕೊಟ್ಟದ್ದು ಬಯಲಾಗಿ, ಹಲವರನ್ನು ಆಜೀವ ಹೊರಗಿಟ್ಟದ್ದೂ ಅಲ್ಲಿಯದೇ ಕಥೆ. ವೈಭವವನ್ನು ಬರೆಯುವವನು ಇದನ್ನೂ ಬರೆಯಬೇಕೆಂಬ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ.

ಇನ್ನೊಂದು ಮಾತಿದೆ, ಹೆತ್ತವರು ಇದರ ಬಗ್ಗೆ ಸಾಕಷ್ಟು ಯೋಚಿಸುವುದಿಲ್ಲವೆಂದು ನನ್ನ ಭಾವನೆ. ಕಬಡ್ಡಿಗೆ ಒಡೆಯನಿಲ್ಲ, ನಾಳೆ ಯಾರೂ ಅದನ್ನು ಅಂಗಡಿಯಿಂದ ಹಿಂದಕ್ಕೆ ತೆಗೆಯಲಾರರು. ವಿಡಿಯೊ ಆಟಕ್ಕೆ ಒಡೆಯನಿದ್ದಾನೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಭಾರತದಲ್ಲಿ ನಿಷೇಧವಾಯಿತು. 2021ರಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಎಂಬ ಹೆಸರಿನಲ್ಲಿ ತಂದಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇ ತಿಂಗಳಿನಲ್ಲಿ ಮರಳಿತು. ಆ ಹತ್ತು ತಿಂಗಳು ಅದನ್ನೇ ನಂಬಿದ್ದ ಆಟಗಾರ ಏನು ಮಾಡಿರಬೇಕೆಂದು ಮಗನೇ ಉತ್ತರ ಹೇಳಲಿ.

ನಿಷೇಧದ ವಿಷಯ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಅನ್ನು ಅದರಿಂದ ಬೇರೆಯಾಗಿ ಗುರುತಿಸಿದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇದು ಪ್ರದರ್ಶನ ಸ್ಪರ್ಧೆಯಾಗಿದ್ದಾಗ ಗುಜರಾತಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ಭಾರತಕ್ಕೆ ಕಂಚು ತಂದಿದ್ದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪದಕಗಳು ಲೆಕ್ಕಕ್ಕೆ ಬಂದವು. ಚಿನ್ನ ಗೆದ್ದ ಕೊರಿಯಾದ ಹುಡುಗರಿಗೆ ಸುಮಾರು ಒಂದೂವರೆ ವರ್ಷದ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿಯೇ ದೊರೆಯಿತು. ಆದ್ದರಿಂದ ಮಗನಿಗೆ ಇದು ಬರಿಯ ಹುಚ್ಚೆಂದು ಹೇಳಬೇಡಿ. ಪ್ಲಸ್ ಟು ಮುಗಿಸಲಿ. ಅದರಲ್ಲಿ ರಿಯಾಯಿತಿ ಬೇಡ. ಒಂದು ಭಾನುವಾರ ಅವನ ಪಕ್ಕದಲ್ಲಿ ಕುಳಿತು ಒಂದು ಪಂದ್ಯವನ್ನು ಆರಂಭದಿಂದ ಕೊನೆಯವರೆಗೆ ನೋಡಿ, ಅರ್ಥವಾಗದ್ದನ್ನು ಅವನಿಂದಲೇ ಕೇಳಿ. ತಾನು ಆಡಿದ ಆಟವನ್ನು ಮತ್ತೆ ಹಾಕಿ ತಪ್ಪುಗಳನ್ನು ಗುರುತಿಸುವ ಅಭ್ಯಾಸ ಅವನಿಗಿದೆಯೆ ಎಂದು ಆಗ ತಿಳಿಯುತ್ತದೆ. ಆ ಅಭ್ಯಾಸವಿಲ್ಲದವನು ಆಡುತ್ತಿರುವುದು ಹೊತ್ತು ಕಳೆಯಲು.

ಮಂಜೇಶ್ವರ ಮೂಲದ, ರಿಯಾದ್‌ನಲ್ಲಿ ಉದ್ಯೋಗದಲ್ಲಿರುವ ಓದುಗರು ಕೇಳುತ್ತಾರೆ:

ಮಕ್ಕಳು ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬಂದಾಗ ಇ-ಸ್ಪೋರ್ಟ್ಸ್ ವಿಶ್ವಕಪ್ ತೋರಿಸು ಎನ್ನುತ್ತಾರೆ. ಆಟದ ಗಂಧವಿಲ್ಲದ ನನಗೆ ಅಲ್ಲಿ ಏನಾದರೂ ಅರ್ಥವಾದೀತೆ?

ಉತ್ತರ: ಚದುರಂಗ ಬಲ್ಲಿರಾದರೆ ಅಲ್ಲಿಂದಲೇ ಆರಂಭಿಸಬಹುದು. 2024ರಲ್ಲಿ ರಿಯಾದ್‌ನಲ್ಲಿ ಮೊದಲ ಬಾರಿಗೆ ನಡೆದ ಈ ಕೂಟದಲ್ಲಿ 2025ರಿಂದ ಚದುರಂಗವನ್ನೂ ಸೇರಿಸಿದರು. ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದ ಆ ಸ್ಪರ್ಧೆಯಲ್ಲಿ ತೆಲಂಗಾಣದ ಅರ್ಜುನ್ ಎರಿಗೈಸಿ ನಾಲ್ಕನೆಯವರಾದರು. ನಮ್ಮ ಕೇರಳದವರೇ ಆದ ತ್ರಿಶೂರಿನ ನಿಹಾಲ್ ಸರಿನ್ ಭಾರತದ ಎಸ್8ಯುಎಲ್ ತಂಡದ ಜೆರ್ಸಿ ತೊಟ್ಟು ಆಡಿದರು. ಸಿಯೋಲ್‌ನ ಪುಟ್ಟ ಪಂದ್ಯಾಂಗಣಕ್ಕೂ ರಿಯಾದ್‌ನ ಕೂಟಕ್ಕೂ ಹೋಲಿಕೆಯಿಲ್ಲ. ರಿಯಾದ್‌ನಲ್ಲಿರುವುದು ವಾರಗಟ್ಟಲೆ ನಡೆಯುವ, ಹತ್ತಾರು ಆಟಗಳ ಜಾತ್ರೆ. ಬಹುಮಾನದ ಒಟ್ಟು ಮೊತ್ತ 2025ರಲ್ಲಿ 7 ಕೋಟಿ ಡಾಲರ್ ದಾಟಿತ್ತು. ಅಷ್ಟು ಹಣ ಸುರಿದರೆ ಆಟಗಾರರು ಬರುತ್ತಾರೆ, ಪ್ರೇಕ್ಷಕರು ಪಳಗಲು ಇನ್ನೂ ವರ್ಷಗಳು ಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಯಾವ ಆಟವನ್ನು ಬಲ್ಲರೋ ಅದರ ದಿನವನ್ನು ಮಾತ್ರ ಆರಿಸಿಕೊಂಡು ಸಂಜೆಯ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಜುಲೈ ತಿಂಗಳ ಆ ಬಿಸಿಲಿನಲ್ಲಿ ಹಗಲು ಹೊತ್ತು ಅವರನ್ನು ಸುತ್ತಾಡಿಸಬೇಡಿ.