ದೇವದಾರುವಿನ ಗುರುತು
ಪ್ರಶ್ನೆ: ಹಿಮಾಚಲದ ಕಾಡುಗಳಲ್ಲಿ ಪೈನ್ ಮರಗಳ ನಡುವೆ ದೇವದಾರುವನ್ನು ಗುರುತಿಸುವುದು ಹೇಗೆ? ಅದರ ಕಾಯಿ ನೆಲದ ಮೇಲೆ ಇಡಿಯಾಗಿ ಏಕೆ ಸಿಗುವುದಿಲ್ಲ?

ಉತ್ತರ: ಎಲೆಗಳನ್ನು ನೋಡಿದರೆ ಸಾಕು. ಅಲ್ಲಿನ ಚೀಡ್ ಪೈನ್ ಮರದ ಸೂಜಿಯೆಲೆಗಳು ಮೂರು ಮೂರಾಗಿ ಕೂಡಿಕೊಂಡು ಗೇಣುದ್ದ ಜೋತುಬಿದ್ದಿದ್ದರೆ, ದೇವದಾರುವಿನವು ಸುಮಾರು 2ರಿಂದ 5 ಸೆಂಟಿಮೀಟರ್ ಉದ್ದವಿದ್ದು, ಗಿಡ್ಡ ಕವಲುಗಳ ತುದಿಯಲ್ಲಿ ಒತ್ತಾದ ಕುಚ್ಚುಗಳಾಗಿರುತ್ತವೆ. ಪೀಪಾಯಿಯಾಕಾರದ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತೇ ಬಲಿತು, ಅಲ್ಲಿಯೇ ಪದರ ಪದರವಾಗಿ ಕಳಚಿ, ರೆಕ್ಕೆಯುಳ್ಳ ಬೀಜಗಳನ್ನು ಗಾಳಿಗೆ ಬಿಡುವುದರಿಂದ ಇಡೀ ಕಾಯಿ ಕೆಳಗೆ ಬೀಳುವುದು ಅಪರೂಪ.

50 ಮೀಟರ್‌ವರೆಗೂ ಬೆಳೆಯಬಲ್ಲ ಈ ಮರದ ತಿರುಳಿನಲ್ಲಿರುವ ಪರಿಮಳದ ಎಣ್ಣೆ ಗೆದ್ದಲನ್ನೂ ಕೊಳೆತವನ್ನೂ ತಡೆಯುತ್ತದೆ. ಕಾಶ್ಮೀರದ ದೋಣಿಮನೆಗಳಿಗೆ ಇದನ್ನೇ ಆರಿಸಿದ್ದು ನಿಜಕ್ಕೂ ಜಾಣತನ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಔಷಧಕ್ಕಾಗಿ ಮಾರುವ ದೇವದಾರು ಚಕ್ಕೆಯನ್ನು ಮೂಸಿದರೆ ಆ ಪರಿಮಳ ತಿಳಿಯುತ್ತದೆ.