ಅತ್ತೆಯ ಭಕ್ತಿ ಸುಳ್ಳಾ?

ಆಷಾಢ ಶುಕ್ರವಾರ ನಿಮ್ಮತ್ತೆ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ, ಮನೆಕೆಲಸಕ್ಕೆ ಬರುವವರಿಗೆ ಮಾತ್ರ ಬೇರೆ ಲೋಟ ಇಟ್ಟಿದ್ದಾರೆ, ಇದು ತೋರಿಕೆಯ ಭಕ್ತಿಯಾ ಅಂತ ಕೇಳಿದ್ದೀರಿ.

ತೋರಿಕೆ ಅಂತ ನನಗನ್ನಿಸಲ್ಲ. ಸಾವಿರ ಮೆಟ್ಟಿಲು. ಪ್ರತಿಯೊಂದಕ್ಕೂ ಬಗ್ಗಬೇಕು, ಬೆರಳಲ್ಲಿ ಹಚ್ಚಬೇಕು, ಮತ್ತೆ ಏಳಬೇಕು. ನಂದಿ ಹತ್ತಿರ ಬರುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುತ್ತೆ. ಯಾರೋ ನೋಡಲಿ ಅಂತ ಇಷ್ಟು ಕಷ್ಟ ಯಾರೂ ಪಡಲ್ಲ. ಆದರೆ ಭಕ್ತಿ ಇದ್ದ ಮಾತ್ರಕ್ಕೆ ಗುಣ ತಾನಾಗಿ ತಿದ್ದಿಕೊಳ್ಳಲ್ಲ. ಆ ಲೋಟ ಬಹುಶಃ ಅವರತ್ತೆ ಕಾಲದಿಂದ ಬಂದ ಅಭ್ಯಾಸ. ಹಾಗಂತ ಸಣ್ಣ ವಿಷಯ ಅಂತ ಬಿಡಬೇಡಿ. ಅದು ಅಸ್ಪೃಶ್ಯತೆಯೇ. ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ.

ದೇವರ ವಿಷಯಕ್ಕೆ ವಾದ ಬೇಡ, ಗೆಲ್ಲಲ್ಲ. ನಾಳೆಯಿಂದ ಕಾಫಿ ನೀವೇ ಸೋಸಿ. ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಕೊಡಿ, ಒಟ್ಟಿಗೇ ತೊಳೆಯಿರಿ. ಅತ್ತೆ ಕೇಳಿದರೆ, "ಬೆಟ್ಟದಲ್ಲಿ ನೀವು ಕುಂಕುಮ ಹಚ್ಚಿದ ಮೆಟ್ಟಿಲನ್ನು ಎಲ್ಲರೂ ಮುಟ್ಟಿ ನಮಸ್ಕಾರ ಮಾಡ್ತಾರೆ ಅಲ್ವಾ ಅತ್ತೆ?" ಅಂತ ಮೆಲ್ಲಗೆ ಕೇಳಿ. ಸಿಟ್ಟು ಬಂದರೂ ಯೋಚನೆ ಮಾಡ್ತಾರೆ.

ಒಂದು ಮಾತ್ರ ನೆನಪಿಡಿ. ಕೆಲಸದವರ ಎದುರಿಗೆ ಈ ಜಗಳ ತೆಗೆಯಬೇಡಿ. ಅವರಿಗೆ ಅವಮಾನ ಆಗುತ್ತೆ, ಕೆಲಸ ಹೋದರೂ ಅವರದ್ದೇ ಹೋಗುತ್ತೆ.