ಕರೆಂಟ್ ಹೋಗಿ ಬಂದ ಮೇಲೆ ಬಿಲ್ಲಿನ ಟೇಬಲ್ ತೆರೆಯದಿದ್ದರೆ

ಪ್ರಶ್ನೆ: ಸರ್, ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ನಮ್ಮದು ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್. ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಬಿಲ್ಲಿನ ಟೇಬಲ್ ‘ಕ್ರ್ಯಾಶ್ ಆಗಿದೆ, ರಿಪೇರಿ ಮಾಡಿ’ ಎನ್ನುತ್ತಿದೆ. ದಿನಾ ಸಂಜೆ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತೇವೆ. ಈಗೇನು ಮಾಡಲಿ?

ಉತ್ತರ: ತಕ್ಷಣ ರಿಪೇರಿಗೆ ಕೈ ಹಾಕಬೇಡಿ. ಸರ್ವರ್ ನಿಲ್ಲಿಸಿ, ಫೋಲ್ಡರ್ ಹೇಗಿದೆಯೋ ಹಾಗೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ‘ರಿಪೇರ್ ಟೇಬಲ್’ ಆದೇಶ ಕೆಲವೊಮ್ಮೆ ತನಗೆ ಓದಲಾಗದ ಸಾಲುಗಳನ್ನು ಕೈಬಿಡುತ್ತದೆ. ಆ ಕಾಪಿ ಇದ್ದರೆ ಇನ್ನೊಮ್ಮೆ ಪ್ರಯತ್ನಿಸಬಹುದು.

ರಿಪೇರಿ ಆದ ಮೇಲೆ ಟೇಬಲ್ ತೆರೆಯಿತು ಅಂತ ಸುಮ್ನೆ ಕೂರಬೇಡಿ. ಆ ದಿನದ ತೂಕದ ಚೀಟಿಗಳನ್ನು ಪಕ್ಕಕ್ಕಿಟ್ಟು ಒಂದೊಂದಾಗಿ ತಾಳೆ ನೋಡಿ. ಬಿಲ್ಲಿನ ತಲೆಸಾಲು ಇದ್ದು, ಅದರ ಕೆಳಗಿನ ಚಾಲಿ, ರಾಶಿ, ಬೆಟ್ಟೆಯ ಸಾಲುಗಳಲ್ಲಿ ಒಂದೆರಡು ಇಲ್ಲದೇ ಇರಬಹುದು. ಬೆಳೆಗಾರರ ದುಡ್ಡಿನ ಲೆಕ್ಕ ಇದು, ಅಲ್ವಾ? ಅರ್ಧ ದಿನ ಹೋದರೂ ಪರವಾಗಿಲ್ಲ, ನೋಡಲೇಬೇಕು.

ಇಂಥ ಸಂದೇಶ ಬಂದರೆ ಬಹುಪಾಲು ಆ ಟೇಬಲ್ ಮೈಐಸ್ಯಾಮ್ ಎಂಬ ಹಳೆಯ ಎಂಜಿನ್ (ಡೇಟಾವನ್ನು ಡಿಸ್ಕಿನಲ್ಲಿ ಬರೆದಿಡುವ ಭಾಗ) ಮಾದರಿಯದು. ‘ಶೋ ಟೇಬಲ್ ಸ್ಟೇಟಸ್’ ಕೊಟ್ಟು ಎಂಜಿನ್ ಕಾಲಂ ನೋಡಿ, ಖಚಿತವಾಗುತ್ತದೆ. ಮೈಐಸ್ಯಾಮ್‌ನಲ್ಲಿ ಟ್ರಾನ್ಸಾಕ್ಷನ್, ಅಂದರೆ ಹಲವು ಸಾಲುಗಳನ್ನು ‘ಎಲ್ಲವೂ ಅಥವಾ ಏನೂ ಇಲ್ಲ’ ಎಂಬಂತೆ ಒಟ್ಟಿಗೆ ಬರೆಯುವ ವ್ಯವಸ್ಥೆ, ಇಲ್ಲ. ಬರೆಯುತ್ತಿದ್ದಾಗ ಕರೆಂಟ್ ಹೋದರೆ ಬಿಲ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನೋಡಿಬಿ ಎಂಬ ಇನ್ನೊಂದು ಎಂಜಿನ್ ಹಾಗಲ್ಲ. ಅದು ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದಿಡುತ್ತದೆ. ಸರ್ವರ್ ಮತ್ತೆ ಶುರುವಾದಾಗ ಕಮಿಟ್ ಆದದ್ದನ್ನು (ಪೂರ್ತಿ ಬರೆದು ಖಾಯಂ ಆದದ್ದನ್ನು) ಉಳಿಸಿಕೊಂಡು, ಅರ್ಧ ಆದದ್ದನ್ನು ತಾನೇ ತೆಗೆದುಹಾಕುತ್ತದೆ. 2010ರ 5.5 ಆವೃತ್ತಿಯಿಂದ ಹೊಸ ಟೇಬಲ್‌ಗಳು ಇನ್ನೋಡಿಬಿಯಲ್ಲೇ ಹುಟ್ಟುತ್ತವೆ. ಆದರೆ ಆವೃತ್ತಿ ಬದಲಾಯಿಸಿದರೂ ಹಳೆಯ ಟೇಬಲ್ ಹಳೆಯ ಮಾದರಿಯಲ್ಲೇ ಉಳಿಯುತ್ತದೆ. ‘ಆಲ್ಟರ್ ಟೇಬಲ್’ ಕೊಟ್ಟು ನೀವೇ ಎಂಜಿನ್ ಬದಲಾಯಿಸಬೇಕು. ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿ ನೋಡಿ. ಜೊತೆಗೆ ನಿಮ್ಮ ಸಾಫ್ಟ್‌ವೇರ್ ಒಂದು ಬಿಲ್ಲಿನ ಎಲ್ಲಾ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುತ್ತದಾ ಅಂತ ಬರೆದವರನ್ನು ಕೇಳಿ. ಇಲ್ಲವಾದರೆ ಎಂಜಿನ್ ಬದಲಿಸಿಯೂ ಅರ್ಧ ಬಿಲ್ಲಿನ ಕಾಟ ತಪ್ಪದು.

ಇನ್ನೊಂದು ಮಾತು. ವೇಗ ಜಾಸ್ತಿ ಆಗಲಿ ಎಂದು ‘ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್’ ಎಂಬ ಸೆಟ್ಟಿಂಗನ್ನು 1ರಿಂದ 0 ಅಥವಾ 2ಕ್ಕೆ ಇಳಿಸುವವರಿದ್ದಾರೆ. ಕರೆಂಟ್ ಹೋದರೆ ಕೊನೆಯ ಒಂದು ಸೆಕೆಂಡಿನಷ್ಟು ಬಿಲ್‌ಗಳು ಹೋಗಬಹುದು. ಮಳೆಗಾಲದ ಶಿರಸಿಯಲ್ಲಿ ಅದು 1ರಲ್ಲೇ ಇರಲಿ. ಯುಪಿಎಸ್ ಅಂತೂ ಬೇಕೇ ಬೇಕು.

ಪೆನ್‌ಡ್ರೈವ್ ವಿಷಯದಲ್ಲಿ ನನಗೆ ನಿಜಕ್ಕೂ ಚಿಂತೆ. ಸರ್ವರ್ ಓಡುತ್ತಿರುವಾಗ ಕಾಪಿ ಮಾಡಿದ ಫೋಲ್ಡರ್‌ನಲ್ಲಿ ಒಂದು ಫೈಲು ಐದು ಗಂಟೆಯದ್ದು, ಇನ್ನೊಂದು ಐದು ನಿಮಿಷ ಆಮೇಲಿನದ್ದು ಆಗಿರಬಹುದು. ಇನ್ನೋಡಿಬಿಗೆ ಬದಲಾದ ಮೇಲೆ ಬ್ಯಾಕಪ್ ತೆಗೆಯುವ ‘ಮೈಎಸ್‌ಕ್ಯೂಎಲ್‌ಡಂಪ್’ ಅನ್ನು ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆಯೊಂದಿಗೆ ಓಡಿಸಿ. ಬಿಲ್ಲಿಂಗ್ ನಿಲ್ಲಿಸದೇ ಒಂದೇ ಕ್ಷಣದ ಪೂರ್ತಿ ಲೆಕ್ಕ ಸಿಗುತ್ತದೆ. ತಿಂಗಳಿಗೊಮ್ಮೆ ಆ ಡಂಪನ್ನು ಬೇರೆ ಯಂತ್ರಕ್ಕೆ ಹಾಕಿ, ಒಬ್ಬ ಬೆಳೆಗಾರರ ಖಾತೆ ತೆಗೆದು ಬಾಕಿ ಸರಿ ಇದೆಯಾ ನೋಡಿ. ಒಂದು ಪ್ರತಿ ಕಚೇರಿಯ ಹೊರಗೂ ಇರಲಿ.

ಪ್ರಶ್ನೆ: ಕಾರವಾರದಲ್ಲಿ ಮೀನು ವ್ಯಾಪಾರದ ಲೆಕ್ಕಕ್ಕೆ ನಾನೇ ಡೇಟಾಬೇಸ್ ಮಾಡಿದ್ದೇನೆ. ಮೊತ್ತದ ಕಾಲಂ ಫ್ಲೋಟ್. ಒಟ್ಟು ಕೂಡಿಸಿದರೆ ಪೈಸೆ ಹೊಂದುವುದಿಲ್ಲ. ಯಾಕೆ?

ಉತ್ತರ: ಸಂಖ್ಯೆಯನ್ನು ಅಂದಾಜಾಗಿ ಇಡುವ ಫ್ಲೋಟ್ ದುಡ್ಡಿಗಲ್ಲ. ಅದರಲ್ಲಿ ನೆಚ್ಚಬಹುದಾದದ್ದು ಸುಮಾರು ಏಳು ಅಂಕಿ ಮಾತ್ರ. 12,34,567.89 ರೂಪಾಯಿ ಹಾಕಿದರೆ ಒಳಗೆ ಉಳಿಯುವುದು 12,34,567.875. ಮೊತ್ತಕ್ಕೆ ಡೆಸಿಮಲ್ (12,2), ಅಂದರೆ ಒಟ್ಟು 12 ಅಂಕಿ, ಅದರಲ್ಲಿ ಬಿಂದುವಿನ ನಂತರ 2; ಕಿಲೋ ತೂಕಕ್ಕೆ ಡೆಸಿಮಲ್ (10,3) ಬಳಸಿ. ಹಳೆಯ ಕಾಲಂ ಅಳಿಸಬೇಡಿ. ಪಕ್ಕದಲ್ಲಿ ಹೊಸದು ಮಾಡಿ, ತೂಕ ಮತ್ತು ದರದಿಂದ ಮೊತ್ತವನ್ನು ಮತ್ತೆ ಲೆಕ್ಕ ಹಾಕಿ ತುಂಬಿ. ಛಾಪಿಸಿದ ಬಿಲ್‌ಗಳಿಗೆ ಹೊಂದಿದ ಮೇಲಷ್ಟೇ ಹಳೆಯದನ್ನು ತೆಗೆಯಿರಿ.